ಮನೆ ಬಿಟ್ಟು ಹೋದವರನ್ನು ಎಣಿಸುವುದು ಹೇಗೆ? ಈ ಕೆಲಸಕ್ಕೆ ಹೊಸಬರಾದವರಿಗೆ

ಯುದ್ಧವಾಗಲಿ, ನೆರೆಯಾಗಲಿ, ಭೂಕಂಪವಾಗಲಿ, ಎಲ್ಲರೂ ಮೊದಲು ಕೇಳುವುದು ಒಂದೇ: ಎಷ್ಟು ಜನ ಮನೆ ಬಿಟ್ಟಿದ್ದಾರೆ? ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಪರಿಹಾರ ಕೆಲಸದಲ್ಲಿ ಹೆಚ್ಚಿನವರು ಪಾಲಿಸುವ ಸ್ಫಿಯರ್ ಮಾನದಂಡದ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು, 20 ಜನರಿಗೆ ಒಂದು ಶೌಚಾಲಯ ಬೇಕು. ನೀವು ಸಾವಿರ ಜನರನ್ನು ಎಣಿಸದೆ ಬಿಟ್ಟರೆ ದಿನಾ 15,000 ಲೀಟರ್ ನೀರು ಕಮ್ಮಿ ಬರುತ್ತದೆ, 50 ಶೌಚಾಲಯ ಕಟ್ಟುವುದೇ ಇಲ್ಲ. ಹಾಗಾಗಿ ಎಣಿಕೆಯನ್ನು ಕಚೇರಿ ಕೆಲಸ ಅಂದುಕೊಳ್ಳಬೇಡಿ.

ಮೊದಲು, ಏನನ್ನು ಎಣಿಸುತ್ತಿದ್ದೀರಿ ಅಂತ ತೀರ್ಮಾನ ಮಾಡಿ. ಜನರನ್ನೋ, ಅವರ ಓಡಾಟವನ್ನೋ? ಐದು ಜನರ ಒಂದು ಕುಟುಂಬ ಒಂದೇ ವರ್ಷದಲ್ಲಿ ಮೂರು ಸಲ ಜಾಗ ಬಿಟ್ಟು ಓಡಿದರೆ ಅದು 15 ಸ್ಥಳಾಂತರ, ಆದರೆ ಜನ ಐದೇ. ಸುದ್ದಿಗಳಲ್ಲಿ ಇವೆರಡೂ ಕಲಸಿಹೋಗುವುದೇ ಜಾಸ್ತಿ. ದೇಶದೊಳಗೇ ಮನೆ ಬಿಟ್ಟವರ ಲೆಕ್ಕ ಇಡುವ, ಜಿನೀವಾದಲ್ಲಿರುವ ಐಡಿಎಂಸಿ ಅನ್ನುವ ಸಂಸ್ಥೆ ಪ್ರತಿ ವರ್ಷ ಎರಡನ್ನೂ ಬೇರೆ ಬೇರೆಯಾಗಿ ಪ್ರಕಟಿಸುತ್ತದೆ. 2024ರಲ್ಲಿ ಜಗತ್ತಿನಲ್ಲಿ ಸುಮಾರು 6.58 ಕೋಟಿ ಆಂತರಿಕ (ಅಂದರೆ ಗಡಿ ದಾಟದ) ಸ್ಥಳಾಂತರಗಳಾದವು, ಅದರಲ್ಲಿ ಸುಮಾರು 4.58 ಕೋಟಿಗೆ ಪ್ರಕೃತಿ ವಿಕೋಪವೇ ಕಾರಣ. ಆದರೆ ಆ ವರ್ಷದ ಕೊನೆಗೆ ಮನೆಗೆ ಹೋಗಲಾಗದೆ ತಮ್ಮ ದೇಶದೊಳಗೇ ಉಳಿದಿದ್ದವರ ಲೆಕ್ಕ ತೆಗೆದರೆ ಚಿತ್ರ ತಿರುಗುಮುರುಗು: 8.34 ಕೋಟಿ ಜನರಲ್ಲಿ 7.35 ಕೋಟಿ ಜನ ಸಂಘರ್ಷ, ಹಿಂಸೆಗೆ ಸಿಕ್ಕಿದವರು. ನೆರೆಗೆ ಮನೆ ಬಿಟ್ಟವರು ಎಷ್ಟೋ ಮಂದಿ ನೀರು ಇಳಿದ ಮೇಲೆ ವಾಪಸ್ ಹೋಗುತ್ತಾರೆ, ಯುದ್ಧಕ್ಕೆ ಹೆದರಿ ಬಿಟ್ಟವರು ವರ್ಷಗಟ್ಟಲೆ ಹೊರಗೇ ಉಳಿಯುತ್ತಾರೆ.

ಆಮೇಲೆ ಯಾರು ಲೆಕ್ಕಕ್ಕೆ ಬರುತ್ತಾರೆ ಅನ್ನುವುದು. ಯುದ್ಧಕ್ಕೋ ಕಿರುಕುಳಕ್ಕೋ ಹೆದರಿ ಗಡಿ ದಾಟಿದವರು ನಿರಾಶ್ರಿತರು, ಅವರಿಗೆ ಬೇರೆ ಕಾನೂನು, ಬೇರೆ ನೋಂದಣಿ. ದೇಶದೊಳಗೇ ಇರುವವರಿಗೆ 1998ರ ವಿಶ್ವಸಂಸ್ಥೆಯ ಮಾರ್ಗದರ್ಶಿ ತತ್ವಗಳು ಆಧಾರ. ಚಂಡಮಾರುತ ಬರುವ ಮುಂಚೆಯೇ ಸರ್ಕಾರ ತೆರವು ಮಾಡಿಸಿದವರನ್ನೂ ಸೇರಿಸಬೇಕಾ? ಸೇರಿಸಬೇಕು, ಆದರೆ ಬೇರೆ ಕಾಲಂನಲ್ಲಿ. ಇದನ್ನೆಲ್ಲ ಕೆಲಸಕ್ಕೆ ಇಳಿಯುವ ಮುಂಚೆ ಒಂದು ಹಾಳೆಯಲ್ಲಿ ಬರೆದು ತಂಡದ ಎಲ್ಲರಿಗೂ ಕೊಡಿ. ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಥರ ಎಣಿಸಿಕೊಂಡು ಬರುತ್ತಾರೆ.

ಈಗ ನಿಜವಾದ ಕಷ್ಟಕ್ಕೆ ಬರೋಣ: ಜನರನ್ನು ಹುಡುಕುವುದು. ಶಿಬಿರಗಳು ಕಣ್ಣಿಗೆ ಕಾಣುತ್ತವೆ, ಹಾಗಾಗಿ ಎಲ್ಲರೂ ಅಲ್ಲಿಗೇ ಓಡುತ್ತಾರೆ. ಆದರೆ ನೆಂಟರ ಮನೆಯಲ್ಲಿ, ಬಾಡಿಗೆ ಕೋಣೆಯಲ್ಲಿ, ಅರ್ಧ ಕಟ್ಟಿದ ಕಟ್ಟಡದಲ್ಲಿ, ಶಾಲೆಯಲ್ಲಿ ಇರುವವರು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಎಷ್ಟೋ ಕಡೆ ಇವರೇ ಜಾಸ್ತಿ.

ಇದಕ್ಕೆ ಒಳ್ಳೆಯ ದಾರಿ ಅಂದರೆ ಅಂತರರಾಷ್ಟ್ರೀಯ ವಲಸೆ ಸಂಸ್ಥೆ 2004ರಲ್ಲಿ ಇರಾಕ್‌ನಲ್ಲಿ ಶುರು ಮಾಡಿದ ಡಿಟಿಎಂ, ಅಂದರೆ ಸ್ಥಳಾಂತರದ ಜಾಡು ಹಿಡಿಯುವ ಪದ್ಧತಿ. ಮೊದಲು ಇಡೀ ಪ್ರದೇಶದ ಬಗ್ಗೆ ಅಲ್ಲಿನ ವಿಷಯ ಗೊತ್ತಿರುವವರನ್ನು ಕೇಳಿ ಯಾವ ಯಾವ ಊರಿಗೆ ಜನ ಬಂದಿದ್ದಾರೆ ಅಂತ ಪಟ್ಟಿ ಮಾಡುತ್ತೀರಿ, ಆಮೇಲೆ ಆ ಒಂದೊಂದು ಊರಿಗೂ ಹೋಗಿ ವಿವರ ಕೇಳುತ್ತೀರಿ, ಕೆಲವು ವಾರ ಬಿಟ್ಟು ಮತ್ತೆ ಅದೇ ಸುತ್ತು.

ಊರಿಗೆ ಹೋದಾಗ ಬರೀ ಮುಖಂಡನನ್ನು ಕೇಳಿ ಬರಬೇಡಿ. ಶಾಲೆಯ ಮೇಷ್ಟ್ರು, ಆರೋಗ್ಯ ಕಾರ್ಯಕರ್ತೆ, ಮನೆ ಬಿಟ್ಟು ಬಂದವರಲ್ಲೇ ಒಬ್ಬ ಹೆಂಗಸು, ಹೀಗೆ ಮೂವರನ್ನಾದರೂ ಬೇರೆ ಬೇರೆಯಾಗಿ ಮಾತಾಡಿಸಿ. "ಎಷ್ಟು ಜನ ಇದ್ದಾರೆ?" ಅಂತ ನೇರವಾಗಿ ಕೇಳಿದರೆ ಅಂದಾಜಿನ ದೊಡ್ಡ ಸಂಖ್ಯೆ ಬರುತ್ತದೆ. ಅದರ ಬದಲು "ಹೊರಗಿನಿಂದ ಬಂದವರು ಎಷ್ಟು ಮನೆಗಳಲ್ಲಿ ಇದ್ದಾರೆ? ಯಾವ ಊರಿನವರು? ಯಾವಾಗ ಬಂದರು? ಹೋದ ತಿಂಗಳಿಂದ ಈಚೆಗೆ ಎಷ್ಟು ಮನೆಯವರು ಇಲ್ಲಿಂದ ಹೊರಟುಹೋದರು?" ಅಂತ ಒಂದೊಂದಾಗಿ ಕೇಳಿ. ಕೊನೆಯ ಪ್ರಶ್ನೆ ಬಿಟ್ಟರೆ ನಿಮ್ಮ ಸಂಖ್ಯೆ ಏರುತ್ತಲೇ ಹೋಗುತ್ತದೆ, ಯಾಕಂದರೆ ಹೋದವರನ್ನು ಯಾರೂ ಕಳೆಯುವುದಿಲ್ಲ.

ಮೂವರು ಮೂರು ಸಂಖ್ಯೆ ಹೇಳಿದರೆ ಸರಾಸರಿ ತೆಗೆದು ಸುಮ್ಮನಾಗಬೇಡಿ. ನಡೆದು ನೋಡಿ. ಟೆಂಟುಗಳನ್ನು ಎಣಿಸಿ, ಅವುಗಳಲ್ಲಿ ಕೆಲವನ್ನು ನಿಮಗೆ ಬೇಕಾದಂತೆ ಆರಿಸದೆ, ಉದಾಹರಣೆಗೆ ಪ್ರತಿ ಹತ್ತನೆಯ ಟೆಂಟಿಗೆ ಹೋಗಿ "ನಿನ್ನೆ ರಾತ್ರಿ ಇಲ್ಲಿ ಎಷ್ಟು ಜನ ಮಲಗಿದ್ದರು?" ಅಂತ ಕೇಳಿ, ಗಂಡು ಹೆಣ್ಣು ಮಕ್ಕಳು ವಯಸ್ಸಾದವರು ಅಂತ ಬೇರೆ ಬರೆದುಕೊಳ್ಳಿ. ಖಾಲಿ ಟೆಂಟನ್ನೂ ಬರೆದುಕೊಳ್ಳಿ. ಸಹಾಯ ಜಾಸ್ತಿ ಬರಲಿ ಅಂತ ಸಂಖ್ಯೆ ಹಿಗ್ಗಿಸುವವರು ಇರುತ್ತಾರೆ, ಹೆದರಿಕೊಂಡು ಮುಚ್ಚಿಡುವವರೂ ಇರುತ್ತಾರೆ. ಇಬ್ಬರ ಮೇಲೂ ಸಿಟ್ಟಾಗುವ ಅಗತ್ಯವಿಲ್ಲ, ಅವರ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು ಅಲ್ವಾ? ಅಕ್ಕಪಕ್ಕದ ಶಿಬಿರಗಳನ್ನು ಒಂದೇ ದಿನ ಎಣಿಸಿದರೆ ಒಂದೇ ಕುಟುಂಬ ಎರಡು ಕಡೆ ಬರುವುದು ಕಮ್ಮಿಯಾಗುತ್ತದೆ.

ಮೊಬೈಲ್ ಡೇಟಾ, ಉಪಗ್ರಹ ಚಿತ್ರ ಇವೆಲ್ಲ ಇವೆಯಲ್ಲ ಅಂತ ಕೇಳಬಹುದು. ಇವೆ, ಉಪಯೋಗವೂ ಇದೆ. 2010ರ ಹೈಟಿ ಭೂಕಂಪದ ನಂತರ ಸಂಶೋಧಕರು ಸಿಮ್‌ಗಳ ಚಲನೆ ನೋಡಿ, 19 ದಿನಗಳೊಳಗೆ ಸುಮಾರು 6.3 ಲಕ್ಷ ಜನ ರಾಜಧಾನಿ ಪೋರ್ಟ್-ಒ-ಪ್ರಿನ್ಸ್ ಬಿಟ್ಟಿದ್ದಾರೆ ಅಂತ ಅಂದಾಜು ಮಾಡಿದರು, ಅವರು ಯಾವ ಕಡೆ ಹೋದರು ಅನ್ನುವುದನ್ನೂ ತೋರಿಸಿದರು. ಆದರೆ ಸಿಮ್ ಇಲ್ಲದ ಮಗು, ಮುದುಕಿ ಅದರಲ್ಲಿ ಕಾಣುವುದಿಲ್ಲ, ಟವರ್ ಬಿದ್ದರೆ ಯಾರೂ ಕಾಣುವುದಿಲ್ಲ. ಉಪಗ್ರಹಕ್ಕೆ ಟೆಂಟ್ ಕಾಣುತ್ತದೆ, ನೆಂಟರ ಮನೆಯ ಸೂರಿನ ಕೆಳಗಿರುವವರು ಕಾಣುವುದಿಲ್ಲ. ಎಲ್ಲಿಗೆ ಹೋಗಿ ಕೇಳಬೇಕು ಅಂತ ತಿಳಿಯಲು ಇವನ್ನು ಬಳಸಿ, ಕೇಳುವುದನ್ನು ಮಾತ್ರ ಬಿಡಬೇಡಿ.

ಒಂದು ವಿಷಯದಲ್ಲಿ ತುಂಬ ಹುಷಾರಾಗಿರಿ. ಎಣಿಕೆಗೆ ಹೆಸರು ಬೇಡ. ಸಂಘರ್ಷ ನಡೆಯುವ ಕಡೆ ಯಾರು ಎಲ್ಲಿಂದ ಬಂದು ಎಲ್ಲಿದ್ದಾರೆ ಅನ್ನುವ ಪಟ್ಟಿ ತಪ್ಪು ಕೈಗೆ ಸಿಕ್ಕರೆ ಜೀವ ಹೋಗಬಹುದು. ಹೆಸರು, ಜಾತಿ, ಪಂಗಡ, ಫೋನ್ ನಂಬರ್ ಯಾವುದನ್ನೂ ಅಗತ್ಯವಿಲ್ಲದೆ ಕೇಳಬೇಡಿ, ಸಣ್ಣ ಶಿಬಿರಗಳ ನಿಖರ ಜಾಗವನ್ನು ನಕ್ಷೆಯಲ್ಲಿ ಹಾಕಬೇಡಿ. ಕಾಣೆಯಾದ ಮನೆಯವರನ್ನು ಹುಡುಕುವುದು ಪೂರ್ತಿ ಬೇರೆ ಕೆಲಸ. ಅದಕ್ಕೆ ರೆಡ್ ಕ್ರಾಸ್ ಮತ್ತು ರೆಡ್ ಕ್ರೆಸೆಂಟ್‌ನವರ ಹುಡುಕಾಟ ವ್ಯವಸ್ಥೆ ಇದೆ, ಯಾರಾದರೂ ಕೇಳಿದರೆ ಅಲ್ಲಿಗೆ ಕಳಿಸಿ. ಒಂಟಿಯಾಗಿ ಸಿಕ್ಕ ಮಗುವಿನ ಫೋಟೋವನ್ನು ನೀವೇ ವಾಟ್ಸಾಪ್‌ನಲ್ಲಿ ಹಂಚಬೇಡಿ, "ನಾನೇ ತಂದೆ" ಅಂತ ಯಾರು ಬೇಕಾದರೂ ಬರಬಹುದು.

ಶಿಬಿರ ಮುಚ್ಚಿತು ಅಂದ ಮಾತ್ರಕ್ಕೆ ಜನರನ್ನು ಲೆಕ್ಕದಿಂದ ತೆಗೆಯಬೇಡಿ. ಊರಿಗೆ ವಾಪಸ್ ಹೋಗಿ ಸುಟ್ಟ ಮನೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಮಲಗುವವರ ಕಷ್ಟ ಮುಗಿದಿಲ್ಲ. "ವಾಪಸಾದವರು" ಅಂತ ಬೇರೆ ಕಾಲಂ ಮಾಡಿ, ಮನೆ ಇದೆಯಾ, ನೀರಿದೆಯಾ, ಜಮೀನು ಕೈಗೆ ಸಿಕ್ಕಿದೆಯಾ ಅಂತ ಕೇಳುತ್ತಿರಿ.

ಪ್ರಕಟಿಸುವಾಗ ಸಂಖ್ಯೆಯ ಪಕ್ಕದಲ್ಲೇ ತಾರೀಕು ಹಾಕಿ, ಯಾರನ್ನು ಕೇಳಿ ಬರೆದಿರಿ ಅಂತಲೂ ಹಾಕಿ. ದಾರಿ ಇಲ್ಲದೆಯೋ ಗುಂಡಿನ ಭಯಕ್ಕೋ ಹೋಗಲಾಗದ ಹಳ್ಳಿಯ ಮುಂದೆ ಸೊನ್ನೆ ಬರೆಯಬೇಡಿ, "ಹೋಗಲಾಗಲಿಲ್ಲ" ಅಂತ ಬರೆಯಿರಿ. ಸೊನ್ನೆ ನೋಡಿದವರು ಅಲ್ಲಿ ಯಾರೂ ಇಲ್ಲ ಅಂದುಕೊಂಡು ಲಾರಿಯನ್ನು ಬೇರೆ ಕಡೆ ತಿರುಗಿಸುತ್ತಾರೆ. ಆಮೇಲೆ ಅದೇ ವರದಿಯನ್ನು ಮಾಹಿತಿ ಕೊಟ್ಟ ಊರುಗಳಿಗೆ ತೆಗೆದುಕೊಂಡು ಹೋಗಿ, ಅಲ್ಲಿನವರ ಭಾಷೆಯಲ್ಲೇ ಓದಿ ಹೇಳಿ. ಎಲ್ಲಿ ತಪ್ಪಿದೆ ಅಂತ ಅವರೇ ಹೇಳುತ್ತಾರೆ, ಅದನ್ನು ತಿದ್ದಿಕೊಂಡು ಮುಂದಿನ ಸುತ್ತು ಶುರು ಮಾಡಿ.