ಯುದ್ಧದ ಸಮೀಕ್ಷೆ ಓದುವ ಮುನ್ನ ಪ್ರಶ್ನೆ ಹುಡುಕಿ

2003ರ ಜನವರಿ. ಕರಾವಳಿಯ ಒಂದು ದಿನಪತ್ರಿಕೆಯ ವಿದೇಶ ಪುಟಕ್ಕೆ ಅವತ್ತು ರಾತ್ರಿ ಪಾಳಿಯಲ್ಲಿ ನಾನೊಬ್ಬಳೇ. ಪುಟ ಬಿಡಲು ಇಪ್ಪತ್ತು ನಿಮಿಷ ಇರುವಾಗ ಏಜೆನ್ಸಿಯಿಂದ ಒಂದು ಸಮೀಕ್ಷೆಯ ಸುದ್ದಿ ಬಂತು. ಉಳಿದಿದ್ದು ಸಿಂಗಲ್ ಕಾಲಂ ಜಾಗ. ‘ಇರಾಕ್ ಯುದ್ಧಕ್ಕೆ ಶೇ 68 ಅಮೆರಿಕನ್ನರ ಬೆಂಬಲ’ ಎಂದು ತಲೆಬರಹ ಕೊಟ್ಟು, ಜಾಗಕ್ಕೆ ಹೊಂದಿಸಲು ಕೊನೆಯ ಪ್ಯಾರಾ ಕಿತ್ತುಹಾಕಿದೆ.

ಮರುದಿನ ಡ್ಯೂಟಿಗೆ ಬಂದಾಗ ಆ ಪ್ರಿಂಟ್‌ಔಟ್ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಚಹಾ ಕುಡಿಯುತ್ತ ಪೂರ್ತಿ ಓದಿದೆ. ಸದ್ದಾಂ ಹುಸೇನ್ ಆಡಳಿತ ಕೊನೆಗಾಣಿಸಲು ಸೇನಾ ಕಾರ್ಯಾಚರಣೆಗೆ ನಿಮ್ಮ ಬೆಂಬಲವಿದೆಯೇ ಎಂದು ಪ್ಯೂ ಸಂಸ್ಥೆ ಕೇಳಿತ್ತು. ಶೇ 68 ಮಂದಿ ಹೌದು ಎಂದಿದ್ದರು, ಶೇ 25 ಮಂದಿ ಇಲ್ಲ ಎಂದಿದ್ದರು. ನಾನು ಕಿತ್ತುಹಾಕಿದ ಪ್ಯಾರಾದಲ್ಲಿ ಅದೇ ಪ್ರಶ್ನೆಗೆ ಒಂದು ಮಾತು ಸೇರಿತ್ತು: ‘ಅಮೆರಿಕದ ಸಾವಿರಾರು ಸೈನಿಕರಿಗೆ ಸಾವುನೋವು ಆಗಬಹುದಾದರೂ?’ ಆಗ ಬೆಂಬಲ ಶೇ 43ಕ್ಕೆ ಇಳಿದಿತ್ತು, ವಿರೋಧ ಶೇ 48ಕ್ಕೆ ಏರಿತ್ತು. ಬೆಲೆ ಹೇಳಿದ ಕೂಡಲೇ ಉತ್ತರ ತಲೆಕೆಳಗಾಗಿತ್ತು. ನಮ್ಮ ಓದುಗರಿಗೆ ನಾನು ಮುಟ್ಟಿಸಿದ್ದು ಬೆಲೆ ಹೇಳದ ಅರ್ಧವನ್ನು ಮಾತ್ರ.

ಅವತ್ತೇ ಸಂಜೆ ಉದ್ದನೆಯ ಒಂದು ಲೆಕ್ಕದ ಪುಸ್ತಕ ತಂದೆ. ಪರದೇಶದ ಯುದ್ಧಗಳ ಬಗ್ಗೆ ಜನ ಏನು ಹೇಳುತ್ತಾರೆ ಎಂದು ತಿಳಿಯುವ ಆಸೆ ಇದ್ದರೆ ನೀವೂ ಒಂದು ಇಟ್ಟುಕೊಳ್ಳಿ. ಗೆರೆ ಎಳೆದು ಪುಟಕ್ಕೆ ನಾಲ್ಕು ಕಾಲಂ ಮಾಡಿ: ದಿನಾಂಕ, ಪ್ರಶ್ನೆ, ಉತ್ತರ, ಆ ವಾರ ನಡೆದದ್ದು. ಪ್ರಶ್ನೆಯ ಕಾಲಂ ಎಲ್ಲಕ್ಕಿಂತ ಅಗಲವಾಗಿರಲಿ. ಪ್ರಶ್ನೆಯ ಸಾರಾಂಶ ಬರೆದರೆ ಸಾಲದು, ಒಂದೊಂದು ಪದವೂ ಬೇಕು. ಸುದ್ದಿಯಲ್ಲಿ ಸಿಗದಿದ್ದರೆ ಸಮೀಕ್ಷೆ ಮಾಡಿದ ಸಂಸ್ಥೆಯ ಜಾಲತಾಣಕ್ಕೆ ಹೋಗಿ. ಗ್ಯಾಲಪ್, ಪ್ಯೂ ಎರಡೂ ಪ್ರಶ್ನೆಗಳನ್ನು ಇದ್ದ ಹಾಗೇ ಪ್ರಕಟಿಸುತ್ತವೆ. ಎಲ್ಲೂ ಪ್ರಶ್ನೆ ಸಿಗದ ಸಮೀಕ್ಷೆಯನ್ನು ಪುಸ್ತಕಕ್ಕೆ ಹತ್ತಿಸಬೇಡಿ.

ಪ್ರಶ್ನೆ ಸಿಕ್ಕ ಮೇಲೆ ಅದನ್ನು ಹಿಂಜಿ ನೋಡಿ. ಸಾವುನೋವಿನ ಮಾತಿದೆಯೇ? ಖರ್ಚಿನ ಮಾತಿದೆಯೇ? ವಿಮಾನದಾಳಿಯೋ, ನೆಲಸೇನೆಯೋ? ವಿಶ್ವಸಂಸ್ಥೆಯ ಒಪ್ಪಿಗೆ ಇದ್ದರೆ ಎಂದು ಕೇಳಿದ್ದಾರೋ, ಇಲ್ಲದಿದ್ದರೂ ಎಂದೋ? ‘ಗೊತ್ತಿಲ್ಲ’ ಎಂದವರು ಎಷ್ಟು? ಅವರನ್ನು ಬಿಟ್ಟು ಬರೆಯುವುದು ನಮ್ಮ ಡೆಸ್ಕುಗಳ ಹಳೆಯ ಚಾಳಿ.

ಇನ್ನು ಕಾಲದ ಮಾತು. ಬೇರೆ ಬೇರೆ ಪ್ರಶ್ನೆಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ‘ಅಭಿಪ್ರಾಯ ಬದಲಾಯಿತು’ ಎನ್ನಲಾಗದು. ಅದೇ ಪ್ರಶ್ನೆ, ಅದೇ ಪದಗಳು, ವರ್ಷಗಟ್ಟಲೆ ಕೇಳಿದ್ದು ಬೇಕು. ಇದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಪಾಠ ವಿಯೆಟ್ನಾಂ. ಅಲ್ಲಿ ಹೋರಾಡಲು ಸೇನೆ ಕಳಿಸಿದ್ದು ಅಮೆರಿಕ ಮಾಡಿದ ತಪ್ಪೇ ಎಂದು ಗ್ಯಾಲಪ್ ಮತ್ತೆ ಮತ್ತೆ ಕೇಳುತ್ತ ಹೋಯಿತು. ತಪ್ಪು ಎಂದವರು 1965ರ ಆಗಸ್ಟ್‌ನಲ್ಲಿ ಶೇ 24. 1967ರ ಅಕ್ಟೋಬರ್‌ನಲ್ಲಿ ಶೇ 47. ತಪ್ಪಲ್ಲ ಎಂದವರು ಆಗ ಶೇ 44. ತಪ್ಪು ಎಂದವರು 1968ರ ಆಗಸ್ಟ್‌ನಲ್ಲಿ ಶೇ 53, 1971ರ ಮೇ ತಿಂಗಳಲ್ಲಿ ಶೇ 61.

ಈಗ ನಾಲ್ಕನೇ ಕಾಲಂ ನೋಡಿ. ಉತ್ತರ ವಿಯೆಟ್ನಾಂ ಕಡೆಯವರು ದಕ್ಷಿಣದ ಊರುಗಳ ಮೇಲೆ ಒಮ್ಮೆಗೇ ನಡೆಸಿದ ಟೆಟ್ ದಾಳಿ ಶುರುವಾದದ್ದು 1968ರ ಜನವರಿ 30ರಂದು. ಅಮೆರಿಕದ ಟಿವಿ ವಾರ್ತಾವಾಚಕ ವಾಲ್ಟರ್ ಕ್ರಾಂಕೈಟ್ ಈ ಯುದ್ಧ ಎಲ್ಲೂ ಮುಟ್ಟದೆ ನಿಂತಿದೆ ಎಂದದ್ದು ಫೆಬ್ರವರಿ 27ರಂದು. ಅವರ ಆ ಒಂದು ಮಾತಿಗೆ ಅಮೆರಿಕ ಮನಸ್ಸು ಬದಲಿಸಿತು ಎಂದು ನಾನೂ ಎಷ್ಟೋ ಸಲ ಅನುವಾದಿಸಿ ಬರೆದಿದ್ದೇನೆ. ಆದರೆ ತಪ್ಪು ಎನ್ನುವವರ ಪಾಲು ಮೇಲಾದದ್ದು ಅದಕ್ಕೂ ನಾಲ್ಕು ತಿಂಗಳು ಮೊದಲು. 1967 ಒಂದೇ ವರ್ಷದಲ್ಲಿ 11 ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತಿದ್ದರು. ಆ ಆಗಸ್ಟ್‌ನಲ್ಲಿ ಅಧ್ಯಕ್ಷ ಜಾನ್ಸನ್ ಆದಾಯ ತೆರಿಗೆಯ ಮೇಲೆ ಶೇ 10ರಷ್ಟು ಹೆಚ್ಚುವರಿ ತೆರಿಗೆ ಕೇಳಿದ್ದರು. ಊರಿಗೆ ಬಂದ ಶವಪೆಟ್ಟಿಗೆಗಳು ಟಿವಿಗಿಂತ ಮೊದಲೇ ಮಾತಾಡಿದ್ದವು ಎಂದು ನಾನು ನಂಬುತ್ತೇನೆ.

ಕೊರಿಯಾ, ವಿಯೆಟ್ನಾಂ ಎರಡನ್ನೂ ಅಳೆದು ನೋಡಿದ ರಾಜ್ಯಶಾಸ್ತ್ರಜ್ಞ ಜಾನ್ ಮುಲ್ಲರ್ 1970ರ ದಶಕದ ಆರಂಭದಲ್ಲೇ ಒಂದು ಲೆಕ್ಕ ಕೊಟ್ಟರು: ಸಾವುನೋವು ಹತ್ತು ಪಟ್ಟಾದಾಗಲೆಲ್ಲ ಬೆಂಬಲ ಸುಮಾರು 15 ಶೇಕಡಾ ಅಂಶ ಇಳಿಯುತ್ತದೆ. ಅಂದರೆ ನೂರು ಸಾವಿರವಾದಾಗ ಎಷ್ಟು ಇಳಿಯುತ್ತದೋ, ಸಾವಿರ ಹತ್ತು ಸಾವಿರವಾದಾಗಲೂ ಅಷ್ಟೇ. ಮೊದಲ ಸಾವುಗಳು ಮನಸ್ಸನ್ನು ಬೇಗ ಕದಲಿಸುತ್ತವೆ, ಆಮೇಲಿನವು ನಿಧಾನಕ್ಕೆ. ಇದನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ, ಆದರೆ ಆ ಎರಡು ಯುದ್ಧಗಳ ಅಂಕಿಗಳು ಹೇಳುವುದು ಇದನ್ನೇ.

ಯುದ್ಧ ಶುರುವಾದ ಮೊದಲ ವಾರಗಳ ಅಂಕಿಗಳನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಆಪತ್ತು ಬಂದಾಗ ಜನ ಧ್ವಜದ ಸುತ್ತ ಸೇರುತ್ತಾರೆ. 2001ರ ಸೆಪ್ಟೆಂಬರ್ ದಾಳಿಗೆ ಮುಂಚಿನ ದಿನಗಳಲ್ಲಿ ಜಾರ್ಜ್ ಬುಷ್ ಅವರನ್ನು ಮೆಚ್ಚಿದವರು ಶೇ 51, ಎರಡೇ ವಾರದಲ್ಲಿ ಶೇ 90. ಅವರ ತಂದೆ 1991ರ ಕೊಲ್ಲಿ ಯುದ್ಧದ ಬೆನ್ನಿಗೆ ಶೇ 89 ಮುಟ್ಟಿ, 1992ರ ನವೆಂಬರ್‌ನಲ್ಲಿ ಚುನಾವಣೆಯನ್ನೇ ಸೋತರು.

ಒಟ್ಟು ಸಂಖ್ಯೆಯನ್ನು ಒಡೆದೂ ನೋಡಿ: ವಯಸ್ಸು, ಪಕ್ಷ. ವಿಯೆಟ್ನಾಂ ಕಾಲದ ಫೋಟೊಗಳಲ್ಲೆಲ್ಲ ವಿದ್ಯಾರ್ಥಿಗಳದೇ ಮೆರವಣಿಗೆ. ಗ್ಯಾಲಪ್ ಅಂಕಿಗಳಲ್ಲಿ ಮಾತ್ರ ಯುದ್ಧ ತಪ್ಪು ಎಂದವರು ಯುವಕರಿಗಿಂತ ಹಿರಿಯರಲ್ಲೇ ಹೆಚ್ಚು.

ಅಂಕಿಗಳ ಹಿಂದೆ ಕಥೆಗಳೂ ಇರುತ್ತವೆ. ಇದನ್ನು ಕಲಿತದ್ದು 1990ರಲ್ಲಿ, ಕೆಲಸಕ್ಕೆ ಸೇರಿದ ಹೊಸತು. ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿತು. ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನದಲ್ಲಿ ಕರೆತಂದ ಸುಮಾರು 1.7 ಲಕ್ಷ ಭಾರತೀಯರಲ್ಲಿ ನಮ್ಮ ಪಕ್ಕದ ಮನೆ ಬಾಯಮ್ಮನ ಮಗನೂ ಒಬ್ಬ. ಜಗಲಿಯಲ್ಲಿ ಕೂತು, ಯಾವ ಬ್ಯಾಂಕಿಗೂ ಬೇಡವಾದ ದಿನಾರ್ ನೋಟುಗಳನ್ನು ಮೊಣಕಾಲ ಮೇಲೆ ನೇವರಿಸಿ ಸರಿಮಾಡುತ್ತ ಮಾತಾಡಿದ್ದ. ಅಕ್ಟೋಬರ್‌ನಲ್ಲಿ ಏಜೆನ್ಸಿ ಸುದ್ದಿ ಬಂತು: ನಯೀರಾ ಎಂಬ 15 ವರ್ಷದ ಹುಡುಗಿ ಅಮೆರಿಕದ ಸಂಸದರ ಮುಂದೆ ಅಳುತ್ತ, ಸೈನಿಕರು ಇನ್‌ಕ್ಯುಬೇಟರ್‌ಗಳಿಂದ ಶಿಶುಗಳನ್ನು ತೆಗೆದು ನೆಲದ ಮೇಲೆ ಬಿಟ್ಟರು ಎಂದಿದ್ದಳು. ನೀನೇನಾದರೂ ಕೇಳಿದ್ದೀಯಾ ಎಂದು ಅವನನ್ನು ವಿಚಾರಿಸಿದೆ. “ಅಂಗಡಿ ಲೂಟಿ ಮಾಡಿದ್ದು ಕಣ್ಣಾರೆ ನೋಡಿದ್ದೇನೆ ಅಕ್ಕ. ಆಸ್ಪತ್ರೆ ಕಡೆ ನಾನು ಹೋಗಲಿಲ್ಲ” ಎಂದ.

ನೋಡಿದ್ದಷ್ಟನ್ನೇ ಹೇಳಿದ ಅವನ ಮಾತು ಪುಟದಲ್ಲಿ ಬರಲಿಲ್ಲ, ನಯೀರಾ ಮಾತು ಬಂತು. 1991ರ ಜನವರಿ 12ರಂದು ಸೆನೆಟ್ 52–47ರಿಂದ ಯುದ್ಧಕ್ಕೆ ಒಪ್ಪಿತು. ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು, ಹೇಳಿಕೆಯ ಹಿಂದೆ ಹಿಲ್ ಆ್ಯಂಡ್ ನೋಲ್ಟನ್ ಎಂಬ ಪ್ರಚಾರ ಕಂಪನಿ ಇತ್ತು ಎಂಬುದು ಬಯಲಾದದ್ದು 1992ರಲ್ಲಿ. ಆ ಆರೋಪಕ್ಕೆ ಪುರಾವೆ ಸಿಗಲಿಲ್ಲ. ಹಾಗಾಗಿ ಇಂಥ ಸುದ್ದಿ ಬಂದಾಗ ಎರಡು ಸಂಗತಿ ಬರೆದುಕೊಳ್ಳಿ: ಸಾಕ್ಷಿ ಕಣ್ಣಾರೆ ಕಂಡದ್ದೆಷ್ಟು, ಅವರನ್ನು ಮೈಕಿನ ಮುಂದೆ ತಂದು ನಿಲ್ಲಿಸಿದ್ದು ಯಾರು.

ಕಡೆಗೆ, ನಿಮ್ಮ ಅಭಿಪ್ರಾಯವನ್ನೂ ಆಯಾ ದಿನವೇ ದಿನಾಂಕ ಹಾಕಿ ಬರೆದಿಡಿ. 2003ರ ಸಮೀಕ್ಷೆಗಳಲ್ಲಿ ಸರಾಸರಿ ಶೇ 54 ಬ್ರಿಟಿಷರು ಇರಾಕ್ ಯುದ್ಧ ಸರಿ ಎಂದಿದ್ದರು. 2015ರಲ್ಲಿ ಯೂಗವ್ ಸಂಸ್ಥೆ ಅವತ್ತು ನೀವೇನು ಅಂದುಕೊಂಡಿದ್ದಿರಿ ಎಂದು ಕೇಳಿದಾಗ, ಸರಿ ಅಂದುಕೊಂಡಿದ್ದೆವು ಎಂದವರು ಶೇ 37. ಇವರೆಲ್ಲ ಸುಳ್ಳು ಹೇಳಿದರು ಎಂದು ನನಗನಿಸುವುದಿಲ್ಲ. ಇರಾಕಿನಲ್ಲಿ ಸಮೂಹನಾಶಕ ಅಸ್ತ್ರಗಳಿವೆ ಎಂಬುದನ್ನು ನಾನು ಒಂದು ದಿನವೂ ನಂಬಿರಲಿಲ್ಲ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಕಳೆದ ತಿಂಗಳು ಪುಸ್ತಕ ತೆಗೆದೆ. 2003ರ ಮಾರ್ಚ್ 20ರ ಸಾಲಿನಲ್ಲಿ ನನ್ನದೇ ಅಕ್ಷರ: ‘ಯುದ್ಧ ಬೇಡವಾಗಿತ್ತು. ಆದರೆ ಸದ್ದಾಂ ಹತ್ತಿರ ಅಸ್ತ್ರ ಇದ್ದೇ ಇದೆ ಅನಿಸುತ್ತದೆ.’