ಮೂರಕ್ಕೆ ಹಾಕಿದರೆ ಕಾರು ಸಾಯುತ್ತಿತ್ತು

ಗೇರ್ ರೇಷಿಯೋ, ಅಂದರೆ ಚಕ್ರ ಒಂದು ಸುತ್ತು ಹೊಡೆಯಲು ಇಂಜಿನ್ ಎಷ್ಟು ಸುತ್ತು ಹೊಡೆಯಬೇಕು ಅನ್ನುವ ಲೆಕ್ಕ, ಏನು ಅಂತ ನನಗೆ ಸರಿಯಾಗಿ ಗೊತ್ತಾದದ್ದು ಕಳೆದ ಮಳೆಗಾಲದಲ್ಲಿ. ಅದೂ ನಿಜವಾದ ಕಾರಿನಲ್ಲಿ ಅಲ್ಲ, ಗ್ರ್ಯಾನ್ ಟುರಿಸ್ಮೊ 7 ಅನ್ನುವ ಕಾರ್ ರೇಸ್ ವಿಡಿಯೋ ಆಟದಲ್ಲಿ. ಮುಳ್ಳೇರಿಯದ ಹತ್ತಿರ ನಮ್ಮ ಮನೆ. ಜುಲೈ ತಿಂಗಳಲ್ಲಿ ಬೇರೆಂತ ಮಾಡುವುದು? ತೋಟಕ್ಕೆ ಮದ್ದು ಬಿಡಲು ಬಿಸಿಲು ಬೇಕು, ಬಿಸಿಲು ಇಲ್ಲ. ದುಬೈಯಿಂದ ಬರುವಾಗ ಭಾವ ತಂದುಕೊಟ್ಟ ಹಳೇ ಪ್ಲೇಸ್ಟೇಷನ್ 4 ಇತ್ತು, ಅದನ್ನು ಹಿಡಿದು ಕೂತೆ.

ಕಾರು ಮಜ್ದಾ ರೋಡ್‌ಸ್ಟರ್, 2015ರ ಮಾಡೆಲ್. ಒಂದೂವರೆ ಲೀಟರಿನ ಇಂಜಿನ್, ಆರು ಗೇರು. ಟ್ರ್ಯಾಕು ಜಪಾನಿನ ತ್ಸುಕುಬಾ. ಒಂದು ಸುತ್ತು ಎರಡು ಕಿಲೋಮೀಟರ್ ಚಿಲ್ಲರೆ, ಅಷ್ಟೇ.

ಗೆದ್ದ ಕ್ರೆಡಿಟ್, ಅಂದರೆ ಆಟದೊಳಗಿನ ದುಡ್ಡು ಸುರಿದು, ಪ್ರತಿ ಗೇರನ್ನೂ ತಿದ್ದಲು ಬರುವ ಗೇರ್‌ಬಾಕ್ಸ್ ಕೊಂಡೆ. ಕೊಂಡವನು ಮಾಡಿದ ಮೊದಲ ಕೆಲಸ ಟಾಪ್ ಸ್ಪೀಡನ್ನು ಮೇಲಕ್ಕೆ ಎಳೆದದ್ದು. ವೇಗ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ? ಕಾರು ಮೊದಲಿಗಿಂತ ನಿಧಾನವಾಯಿತು. ತಲೆಬುಡ ಅರ್ಥವಾಗಲಿಲ್ಲ.

ಹಿಂದೆ ಕುರ್ಚಿಯಲ್ಲಿ ದೊಡ್ಡಪ್ಪ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಅವರು ಒಂದು ಕಾಲದಲ್ಲಿ ಚೆರ್ಕಳ–ಜಾಲ್ಸೂರು ದಾರಿಯಲ್ಲಿ ಅಡಿಕೆ ಮೂಟೆ ತುಂಬಿಕೊಂಡು ಜೀಪು ಬಿಟ್ಟವರು. ಟಿವಿ ಕಡೆ ನೋಡದೆಯೇ ಹೇಳಿದರು: "ನೀನು ಮೂರಕ್ಕೆ ಹಾಕಿದ ಕೂಡಲೇ ಗಾಡಿ ಸಾಯ್ತದಲ್ಲ ಮಾರಾಯ. ಕೇಳುದಿಲ್ವಾ ನಿಂಗೆ?"

ನಾನು ಕೇಳಿರಲೇ ಇಲ್ಲ, ಬರೀ ಸ್ಪೀಡ್ ಮೀಟರ್ ನೋಡುತ್ತಿದ್ದೆ. ಆಮೇಲೆ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟ ತೆಗೆದು ಲೆಕ್ಕಕ್ಕೆ ಕೂತೆ.

ಅಸಲಿ ರೋಡ್‌ಸ್ಟರಿನ ಎರಡನೇ ಗೇರು 2.991, ಮೂರು 2.035, ನಾಲ್ಕು 1.594, ಐದು 1.286, ಆರು ಸರಿಯಾಗಿ 1. ಇವೆಲ್ಲದರ ಮೇಲೆ ಎಲ್ಲ ಗೇರಿಗೂ ಸೇರಿ ಫೈನಲ್ ಅಂತ ಇನ್ನೊಂದು ಅಂಕಿ, 2.866. ಗೇರಿನ ಅಂಕಿಯನ್ನು ಇದರಿಂದ ಗುಣಿಸಬೇಕು. ಅಂದರೆ ಎರಡನೇ ಗೇರಿನಲ್ಲಿ ಇಂಜಿನ್ ಎಂಟೂವರೆ ಸುತ್ತು ಹೊಡೆದರೆ ಚಕ್ರ ಒಂದು ಸುತ್ತು. ಆರರಲ್ಲಿ ಮೂರು ಸುತ್ತಿಗೂ ಕಮ್ಮಿ ಸಾಕು. ಇಂಜಿನ್ ತಿರುಗುವುದು ನಿಮಿಷಕ್ಕೆ ಹೆಚ್ಚೆಂದರೆ 7500 ಸುತ್ತು, ಟೈರಿನ ಸುತ್ತಳತೆ ಸುಮಾರು 1.89 ಮೀಟರ್. ಗುಣಿಸಿ ಭಾಗಿಸಿದರೆ ಆರನೇ ಗೇರಿನ ಕೊನೆ ಗಂಟೆಗೆ 296 ಕಿಲೋಮೀಟರ್! ಆದರೆ ಈ ಕಾರು ಓಡುವುದೇ 200ರ ಆಸುಪಾಸು. ಅದರ ಮೇಲೆ ಗಾಳಿ ಬಿಡುವುದಿಲ್ಲ, ಇಂಜಿನ್ನಿಗೆ ಅಷ್ಟು ತಾಕತ್ತಿಲ್ಲ. ಅಂಕಿ ಕಮ್ಮಿಯಾದಷ್ಟೂ ಗೇರು ಉದ್ದ, ಅಂದರೆ ಹೆಚ್ಚು ವೇಗದ ವರೆಗೆ ಹೋಗುತ್ತದೆ, ಆದರೆ ಎಳೆತ ಕಮ್ಮಿ. ಮೊದಲೇ ಉದ್ದವಿದ್ದ ಗೇರನ್ನು ನಾನು ಇನ್ನೂ ಉದ್ದ ಮಾಡಿದ್ದೆ.

ದೊಡ್ಡಪ್ಪ ಹೇಳಿದ 'ಸಾಯುವುದು' ಯಾವುದು ಅಂತ ಆಮೇಲೆ ತಿಳಿಯಿತು. ಕಂಪನಿ ಕೊಟ್ಟ ಅಂಕಿಯಲ್ಲೇ ಎರಡನ್ನು 7500ರ ವರೆಗೆ ಎಳೆದು ಮೂರಕ್ಕೆ ಹಾಕಿದರೆ ಇಂಜಿನ್ 5100ಕ್ಕೆ ಬೀಳುತ್ತದೆ. ಈ ಇಂಜಿನ್ನಿನ ಪೂರ್ತಿ ಬಲ ಸಿಗುವುದು 7000ದಲ್ಲಿ. ಮೂರರಿಂದ ನಾಲ್ಕಕ್ಕೆ ಹೋದರೆ ಬೀಳುವುದು 5875ಕ್ಕೆ, ಅಷ್ಟು ಗೊತ್ತಾಗುವುದಿಲ್ಲ. ಹೊಂಡ ಇದ್ದದ್ದು ಎರಡು–ಮೂರರ ನಡುವೆ.

ಹಾಗಾದರೆ ಎಲ್ಲ ಗೇರೂ ಗಿಡ್ಡವಾಗುವ ಹಾಗೆ ಫೈನಲ್ ಏರಿಸಿಬಿಡೋಣ ಅಂತ ಒಮ್ಮೆಗೇ 4.0 ಮಾಡಿದೆ. ಕಾರು ಹಾರಿತು. ಆದರೆ ಕೈಗೆ ಬಿಡುವೇ ಇಲ್ಲ. ತ್ಸುಕುಬಾದ ಕೊನೆಗೆ ಉದ್ದನೆಯ ಬಲ ತಿರುವು ಇದೆ. ಅಲ್ಲಿ ನನ್ನ ವೇಗ ಸುಮಾರು 110. ಮೂರನೇ ಗೇರು 104ಕ್ಕೇ ಮುಗಿದುಹೋಗುತ್ತಿತ್ತು. ತಿರುವಿನ ನಟ್ಟನಡುವೆ ಗೇರು ಬದಲಿಸಬೇಕು, ಆ ಒಂದು ಕ್ಷಣ ಕಾರು ತೂರಾಡುತ್ತದೆ. ಅದಕ್ಕೆ ಮೊದಲಿನ ನೇರ ದಾರಿಯಲ್ಲೂ ಅದೇ ಕತೆ. ಬ್ರೇಕ್ ಹಾಕುವ ಜಾಗ ಇನ್ನೇನು ಬಂತು ಅನ್ನುವಾಗ ಐದಕ್ಕೆ ಹಾಕಬೇಕು. ಸುಮ್ನೆ ದಂಡ.

ಕೊನೆಗೆ ಉಲ್ಟಾ ಹೊರಟೆ. ಟ್ರ್ಯಾಕಿನಲ್ಲಿ ಅತಿ ಹೆಚ್ಚು ವೇಗ ಎಷ್ಟು? ನೇರ ದಾರಿಯ ಕೊನೆಗೆ ಸುಮಾರು 155. ಹಾಗಾದರೆ ನಾಲ್ಕನೇ ಗೇರು ಅಲ್ಲಿಗೇ ಮುಗಿಯಲಿ. ಫೈನಲ್ 3.4 ಮಾಡಿದರೆ ನಾಲ್ಕು 157ಕ್ಕೆ ಮುಗಿಯುತ್ತದೆ. ಐದು, ಆರು ಇದ್ದಲ್ಲೇ ಇರಲಿ, ಅವಕ್ಕೆ ಇಲ್ಲಿ ಕೆಲಸವೇ ಇಲ್ಲ. 60ರ ವೇಗದಲ್ಲಿ ಹೇರ್‌ಪಿನ್ ದಾಟುವಾಗ ಎರಡನೇ ಗೇರಿನಲ್ಲಿ ಇಂಜಿನ್ ಮೊದಲು 4500ರಲ್ಲಿ ನರಳುತ್ತಿತ್ತು, ಈಗ 5400. ಆಮೇಲೆ ಮೂರನ್ನು 2.035ರಿಂದ 2.15ಕ್ಕೆ ತಂದೆ. ಎರಡರಿಂದ ಬರುವಾಗ ಈಗ 5400ಕ್ಕೆ ಮಾತ್ರ ಬೀಳುತ್ತದೆ. ಗೇರು 116ರ ವರೆಗೆ ಎಳೆಯುವುದರಿಂದ ಆ ಬಲ ತಿರುವೂ ಅದರಲ್ಲೇ ದಾಟಿತು. ಮೂರು–ನಾಲ್ಕರ ನಡುವೆ ಅಂತರ ಸ್ವಲ್ಪ ಹೆಚ್ಚಾಯಿತು, ಅದು ಹೌದು. ಗಿಡ್ಡ ಕಂಬಳಿ ಇದ್ದ ಹಾಗೆ, ತಲೆಗೆ ಎಳೆದರೆ ಕಾಲಿಗಿಲ್ಲ.

ಸುತ್ತಿಗೆ ಮುಕ್ಕಾಲು ಸೆಕೆಂಡು ಉಳಿಯಿತು. ಖುಷಿಯಲ್ಲಿ ಸೇವ್ ಮಾಡುವುದು ಮರೆತೆ, ಅಷ್ಟರಲ್ಲಿ ಸಿಡಿಲು ಬಡಿದು ಕರೆಂಟು ಹೋಯಿತು. ಪುಸ್ತಕದಲ್ಲಿ ಬರೆದಿದ್ದೆನೋ ಬಚಾವಾದೆ.

ಇದೇ ಅಂಕಿ ಇಟಲಿಯ ಮೊಂಜಾ ಟ್ರ್ಯಾಕಿಗೆ ಆಗುವುದಿಲ್ಲ. ಅಲ್ಲಿ ಒಂದು ಕಿಲೋಮೀಟರಿಗೂ ಉದ್ದದ ನೇರ ದಾರಿ, ಐದನೇ ಗೇರು 194ಕ್ಕೇ ಮುಗಿದು ಆರರಲ್ಲಿ ಕಾರು ಉಸಿರು ಬಿಟ್ಟಿತು. ಫೈನಲ್ 3.2ಕ್ಕೆ ಇಳಿಸಿದೆ, ಐದು 206ರ ವರೆಗೆ ಎಳೆಯಿತು. ಇನ್ನೊಂದು ಕಾರಿನ ಬೆನ್ನ ಹಿಂದೆ ಓಡುವಾಗ ಗಾಳಿಯ ತಡೆ ಕಮ್ಮಿಯಾಗಿ ವೇಗ ಏರುತ್ತದೆ, ಅದಕ್ಕೆ ಸ್ವಲ್ಪ ಜಾಗ ಬಿಟ್ಟಿರಬೇಕು.

ಆಗಸ್ಟಿನಲ್ಲಿ ಎರಡು ದಿನ ಬಿಸಿಲು ಬಂತು. ಮೈಲುತುತ್ತು, ಸುಣ್ಣದ ಲೆಕ್ಕ ನೋಡಲು ದೊಡ್ಡಪ್ಪ ಪುಸ್ತಕ ತೆರೆದವರು ಕನ್ನಡಕ ಸರಿ ಮಾಡಿಕೊಂಡು ಕೇಳಿದರು: "ಇದೆಂತದ್ದು, ಫೈನಲ್ 3.4? ಕಿಲೋವಾ, ಲೀಟರಾ?"