ಆಷಾಢದ ರಿಯಾಯಿತಿ ಫಲಕವನ್ನು ನಾವು ಬರೆದ ಬಗೆ

ಹುಬ್ಬಳ್ಳಿಯಲ್ಲಿ ಡ್ರೈಕ್ಲೀನಿಂಗ್ ಅಂಗಡಿ ನಡೆಸುವ ನಮಗೆ, ಲಗ್ನದ ಸೀಸನ್ ಮುಗಿದು ಆಷಾಢ ಹಿಡಿಯಿತೆಂದರೆ ಕೆಲಸ ಇಳಿಯುತ್ತದೆ, ಪೇಟೆಯ ತುಂಬ ರಿಯಾಯಿತಿಯ ಫ್ಲೆಕ್ಸ್‌ಗಳು ಏಳುತ್ತವೆ. ನಾವೂ ರಿಯಾಯಿತಿ ಕೊಡುವುದೆಂದು ನಿಶ್ಚಯಿಸಿದ ದಿನಗಳಲ್ಲೇ ನಮ್ಮ ಹಳೆಯ ಗಿರಾಕಿಯೊಬ್ಬರು ಬೇರೊಂದು ಅಂಗಡಿಯ ಎರಡು ಬಿಲ್ ತಂದು ಕೌಂಟರಿನ ಮೇಲಿಟ್ಟು, “ಅರ್ಧಾ ರೊಕ್ಕ ಅಂತ ಬರದಾರ, ಮೊದಲಿಗಿಂತ ಹೆಚ್ಚಿಗಿ ಯಾಕ ಆತ್ರೀ ಅಣ್ಣಾರ?” ಎಂದು ಕೇಳಿದರು.

ಮೊದಲನೆಯ ಬಿಲ್ಲಿನಲ್ಲಿ ಇಳಕಲ್ಲ ರೇಷ್ಮೆ ಸೀರೆಗೆ ತೆರಿಗೆಯೂ ಸೇರಿ 200 ರೂಪಾಯಿ ಹಾಕಿದ್ದರು. ಎರಡನೆಯದರಲ್ಲಿ ಅದೇ ಸೀರೆಯ ದರ 380 ಆಗಿತ್ತು, ಅದರಲ್ಲಿ ಶೇ. 50 ಕಳೆದು 190, ಅದರ ಮೇಲೆ ಶೇ. 18ರಂತೆ ಜಿಎಸ್‌ಟಿ 34.20, ಒಟ್ಟು 224.20. ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಯಾರಿಂದಲೂ ತೆಗೆದುಕೊಳ್ಳದ 380ನ್ನು ಮೂಲ ದರವೆಂದು ತೋರಿಸಿದ್ದೇ ಮೋಸವಾಗಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಒಂದು ಸೇವೆಗೆ ಸಾಮಾನ್ಯವಾಗಿ ತೆಗೆದುಕೊಳ್ಳುವ ದರದ ಬಗ್ಗೆ ಜನರ ದಾರಿ ತಪ್ಪಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದೇ ಎಣಿಸುತ್ತದೆ.

ಆದ್ದರಿಂದ ನಾವು ದರಪಟ್ಟಿಯನ್ನು ಬದಿಗಿಟ್ಟು ಲಗ್ನದ ತಿಂಗಳುಗಳ ಬಿಲ್ ಪುಸ್ತಕವನ್ನು ತೆಗೆದೆವು. ಗಿರಾಕಿಗಳು ಕೈಯಿಂದ ಕೊಟ್ಟ ದರವೇ ನಮ್ಮ ಮೂಲ ದರವಾಯಿತು. ಮುಂದಿನ ಪ್ರಶ್ನೆ, ಎಷ್ಟು ಬಿಡಬಹುದು ಎಂಬುದು. ಯಂತ್ರ ಅರ್ಧ ತುಂಬಿ ಓಡಿದರೂ ವಿದ್ಯುತ್ತು ಮತ್ತು ಸಾಲ್ವೆಂಟನ್ನು (ನೀರಿನ ಬದಲು ಬಟ್ಟೆ ತೊಳೆಯುವ ದ್ರಾವಕ) ಕಾಸಿ ಶುದ್ಧಮಾಡುವ ಖರ್ಚು ಹೆಚ್ಚು ಇಳಿಯುವುದಿಲ್ಲ. ಹೀಗಾಗಿ ಕೋಟು, ಶಾಲು, ಸ್ವೆಟರುಗಳು ಹೆಚ್ಚು ಬಂದು ಯಂತ್ರ ತುಂಬಿದರೆ ಒಂದೊಂದರ ಮೇಲಿನ ಖರ್ಚು ನಿಜವಾಗಿಯೂ ತಗ್ಗುತ್ತದೆ, ಅವುಗಳಿಗೆ ಶೇ. 15 ಬಿಡಲು ನಮಗೆ ಸಾಧ್ಯವಾಯಿತು. ರೇಷ್ಮೆ ಸೀರೆಯ ಮಾತು ಬೇರೆ. ಸೆರಗಿನ ಮೇಲೆ ಬಿದ್ದ ಎಣ್ಣೆಯ ಕಲೆಯನ್ನು ಯಂತ್ರಕ್ಕೆ ಹಾಕುವ ಮೊದಲೇ ಕೈಯಿಂದ, ಜರಿ ಕಪ್ಪಾಗದಂತೆ ತೆಗೆಯಬೇಕು, ಆಮೇಲೆ ಅಂಚು ಹಿಡಿದು ಇಸ್ತ್ರಿ ಮಾಡಬೇಕು. ಆ ಕೂಲಿ ಆಷಾಢದಲ್ಲಿ ಕಡಿಮೆಯಾಗುವುದಿಲ್ಲ, ಆಗಲೂ ಬಾರದು. ರೇಷ್ಮೆಗೂ ಅರ್ಧ ದರವೆನ್ನುವವರು ಒಂದೋ ದರವನ್ನು ಏರಿಸಿರುತ್ತಾರೆ, ಇಲ್ಲವೇ ಈ ಕೈಕೆಲಸವನ್ನು ಬಿಟ್ಟಿರುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಫಲಕದ ಮೇಲೆ “ಉಣ್ಣೆ ಬಟ್ಟೆ ಹಾಗೂ ಕೋಟಿಗೆ ಶೇ. 15 ರಿಯಾಯಿತಿ, ರೇಷ್ಮೆಗೆ ಇಲ್ಲ, ಜಿಎಸ್‌ಟಿ ಸೇರಿದ ದರ” ಎಂದು ಕೊನೆಯ ತಾರೀಖಿನೊಡನೆ ಒಂದೇ ಅಳತೆಯ ಕನ್ನಡ ಅಕ್ಷರಗಳಲ್ಲಿ ಬರೆಸಿದೆವು. ಷರತ್ತನ್ನು ಜಾಹೀರಾತಿನ ಭಾಷೆಯಲ್ಲೇ, ಎದ್ದು ಕಾಣುವಂತೆ ಹಾಕಬೇಕೆಂದು 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯೂ ಹೇಳುತ್ತದೆ. ಪೇಂಟರ್ ಮಾತ್ರ ರೇಷ್ಮೆಯ ಸಾಲನ್ನು ಸಣ್ಣದು ಮಾಡೋಣವೆಂದಿದ್ದರು, ನಾನು ಒಪ್ಪಲಿಲ್ಲ.

ಆ ಗಿರಾಕಿಗೆ ಎರಡೂ ಬಿಲ್‌ಗಳನ್ನು ಜೋಪಾನ ಮಾಡಿ, ಆ ಅಂಗಡಿಯವರು ಫ್ಲೆಕ್ಸ್ ಇಳಿಸುವ ಮೊದಲೇ ಅದರ ಫೋಟೋ ತೆಗೆದುಕೊಂಡು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಲು ಹೇಳಿದೆ. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.